ಏನೂ ಮಾಡಲ್ಲ ಕಣ್ರೀ

ಕಳೆದ ಬುಧವಾರ ಮಧ್ಯಾಹ್ನ, ತಿಪಟೂರಿನ ನಮ್ಮ ಬಡಾವಣೆಯಲ್ಲಿ, ಗೃಹಪ್ರವೇಶದ ಊಟ ಮುಗಿಸಿ ಗೇಟಿನಿಂದ ಹೊರಬಂದ ವ್ಯಕ್ತಿಯೊಬ್ಬರ ಮೇಲೆ ಅದೇ ಮನೆಯ ಸಾಕುನಾಯಿ ಎರಗಿ, ಕೈಯಲ್ಲಿದ್ದ ತಾಂಬೂಲದ ಚೀಲವನ್ನು ಕಿತ್ತುಕೊಂಡಿತು. ಘಟನೆಯಲ್ಲಿ ಒಂದು ಪಂಚೆ ಹರಿದಿದೆ. ಮೀನಖಂಡದ ಮೇಲೆ ಒಂದು ಹಲ್ಲಿನ ಗೀರು ಬಿದ್ದಿದೆ. ಪಂಚೆಯೂ ಮೀನಖಂಡವೂ ನನ್ನವು.

ಸುದ್ದಿ ಎಂದರೆ ಇಷ್ಟೆ. ಈ ತಾಲ್ಲೂಕಿನ ಸುದ್ದಿಯನ್ನು ಒಂದು ದಿನಪತ್ರಿಕೆಗೆ ಕಳಿಸುವುದು ನನ್ನ ಕಸುಬು. ಕೊಬ್ಬರಿ ಧಾರಣೆ ಏರಿತೇ ಇಳಿಯಿತೇ, ಕೆರೆಗೆ ನೀರು ಬಂತೇ ಇಲ್ಲವೇ, ಯಾವ ರಸ್ತೆಯಲ್ಲಿ ಗುಂಡಿ ಬಿದ್ದಿದೆ, ಇವೆಲ್ಲವನ್ನೂ ನಾಲ್ಕು ಸಾಲಿನಲ್ಲಿ, ಅಳದೆ ನಗದೆ ಬರೆದು ರೂಢಿಯಾಗಿದೆ. ನಾಯಿ ಸುದ್ದಿಗಂತೂ ನನ್ನಲ್ಲಿ ಒಂದು ಸಿದ್ಧ ವಾಕ್ಯವೇ ಇತ್ತು: 'ಸಾರ್ವಜನಿಕರು ಜೀವ ಕೈಯಲ್ಲಿ ಹಿಡಿದು ಓಡಾಡುವಂತಾಗಿದೆ.' ಎಷ್ಟು ಸಲ ಬರೆದಿದ್ದೇನೋ. ಬುಧವಾರ ಗೊತ್ತಾಯಿತು, ಆ ವಾಕ್ಯ ತಪ್ಪು. ನಾಯಿ ಮೇಲೆ ಬಿದ್ದಾಗ ಜೀವ ಹಿಡಿಯಲು ಕೈ ಖಾಲಿ ಇರುವುದಿಲ್ಲ. ನನ್ನ ಒಂದು ಕೈಯಲ್ಲಿ ಚೀಲವಿತ್ತು, ಇನ್ನೊಂದರಲ್ಲಿ ಬಾಳೆಹಣ್ಣಿತ್ತು. ವಿಚಿತ್ರವೆಂದರೆ ಬಾಳೆಹಣ್ಣು ಕೊನೆಯವರೆಗೂ ನನ್ನ ಕೈಯಲ್ಲೇ ಉಳಿಯಿತು.

ನಾಯಿಯ ಹೆಸರು ಕಾಳ. ಯಜಮಾನರು ಕೊಬ್ಬರಿ ವ್ಯಾಪಾರದ ನಂಜುಂಡಪ್ಪನವರು. ಅರಳಗುಪ್ಪೆ ಕಡೆ ಅವರಿಗೆ ದೊಡ್ಡ ತೋಟವಿದೆ. ನಮ್ಮ ಬೀದಿಯಲ್ಲಿ ಹೊಸ ಮನೆಗೆ ಪಾಯ ತೋಡಿದ ದಿನವೇ ಕಬ್ಬಿಣ, ಸಿಮೆಂಟು ಕಾಯಲಿ ಎಂದು ತೋಟದಿಂದ ಕಾಳನನ್ನು ತಂದು ಬಿಟ್ಟರು. ಬಿಟ್ಟರು ಎಂದರೆ ಬಿಟ್ಟೇಬಿಟ್ಟರು. ಸರಪಣಿ ಇಲ್ಲ, ಹಗ್ಗ ಇಲ್ಲ. ಮನೆ ಮೇಲೇಳುತ್ತಾ ಹೋದಂತೆ ಕಾಳನ ಸರಹದ್ದೂ ಬೆಳೆಯುತ್ತಾ ಹೋಯಿತು. ಮೊದಲು ಗೇಟು, ಆಮೇಲೆ ಮೋರಿ, ಆಮೇಲೆ ರಸ್ತೆ. ಯಾರಾದರೂ ದೂರು ಹೇಳಿದರೆ ನಂಜುಂಡಪ್ಪನವರ ಉತ್ತರ ಒಂದೇ: "ಏನೂ ಮಾಡಲ್ಲ ಕಣ್ರೀ."

ನಾಯಿ ಸಾಕಿದವರೆಲ್ಲ ಈ ಮಾತನ್ನು ಎಲ್ಲಿಂದ ಕಲಿಯುತ್ತಾರೋ. ಒಮ್ಮೆ ತುರುವೇಕೆರೆಗೆ ಬೈಕಿನಲ್ಲಿ ಹೋಗುತ್ತಿದ್ದಾಗ ರಸ್ತೆ ಪಕ್ಕದ ಮನೆಯ ನಾಯಿ ಬೆನ್ನಟ್ಟಿತು. ಜಗಲಿಯ ಮೇಲೆ ಕೂತಿದ್ದ ಯಜಮಾನರು ಕೂಗಿದರು: "ಗಾಡಿ ನಿಲ್ಸಿ ಸಾ! ನಿಲ್ಸಿದ್ರೆ ಏನೂ ಮಾಡಲ್ಲ!" ನಿಲ್ಲಿಸಿದೆ. ನಾಯಿಯೂ ನಿಂತಿತು. ಅದಕ್ಕೆ ಇದುವರೆಗೆ ಯಾರೂ ನಿಂತು ಕೊಟ್ಟಿರಲಿಲ್ಲವೆಂದು ಕಾಣುತ್ತದೆ, ಮುಂದೇನು ಮಾಡಬೇಕೆಂದು ತಿಳಿಯದೆ ನನ್ನ ಮುಖವನ್ನೇ ನೋಡಿತು. "ಈಗೇನು ಮಾಡ್ಲಿ?" ಎಂದು ಕೇಳಿದೆ. ಯಜಮಾನರು ಶಾಂತವಾಗಿ ಹೇಳಿದರು: "ಈಗ ಮಾತ್ರ ಹೊರಡಬ್ಯಾಡಿ." ಆ ದಿನ ನಾನು ವರದಿ ಮಾಡಬೇಕಿದ್ದ ಸಭೆ ನಾನಿಲ್ಲದೆಯೇ ಮುಗಿಯಿತು.

ಕಾಳನ ವಿಷಯಕ್ಕೆ ಬರುತ್ತೇನೆ. ನನಗೆ ಅದು ನಿಜಕ್ಕೂ ಏನೂ ಮಾಡುತ್ತಿರಲಿಲ್ಲ. ದಿನಕ್ಕೆ ಎರಡು ಸಲ ಅದರ ಮುಂದೆ ನಡೆದುಹೋಗುತ್ತಿದ್ದೆ, ಅದು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಕಷ್ಟವೆಲ್ಲ ನನ್ನ ಹೆಂಡತಿ ಗಿರಿಜಳದು. ಪ್ರತಿ ಸೋಮವಾರ ಬೆಳಿಗ್ಗೆ ಹಣ್ಣುಕಾಯಿ ಬುಟ್ಟಿ ಹಿಡಿದು ಬೀದಿ ತುದಿಯ ಈಶ್ವರನ ಗುಡಿಗೆ ಹೋಗುವುದು ಮದುವೆಯಾಗಿ ಬಂದಾಗಿನಿಂದ ಅವಳ ಪದ್ಧತಿ. ಮನೆಯಲ್ಲಿ ಎಲ್ಲರಿಗೂ ತಿಂಡಿ ಮಾಡಿಟ್ಟು, ಒಬ್ಬಳೇ, ಯಾರ ಹಂಗೂ ಇಲ್ಲದೆ ನಡೆಯುವ ದಾರಿ ವಾರಕ್ಕೆ ಅದೊಂದೇ. ಕಾಳ ಬಂದ ಮೇಲೆ ಅದು ಎರಡು ಸಲ ಅವಳ ಮೇಲೆ ಎರಗಿತು, ಎರಡು ಸಲವೂ ಅವಳು ಬುಟ್ಟಿ ಬಿಡಲಿಲ್ಲ. ಎರಡನೆಯ ಸಲ ಅವಳು ಮೋರಿ ಕಲ್ಲಿನ ಮೇಲೆ ಬಿದ್ದು ಮಣಿಕಟ್ಟು ಊದಿಸಿಕೊಂಡಳು. ಆಮೇಲೆ ಗುಡಿಗೆ ಹೋಗುವುದನ್ನೇ ನಿಲ್ಲಿಸಿದಳು. ಸೋಮವಾರ ಬಂದರೆ ಅಡುಗೆಮನೆ ಕಿಟಕಿಯಿಂದಲೇ ಗುಡಿಯ ಗಂಟೆಗೆ ಕೈ ಮುಗಿಯುತ್ತಿದ್ದಳು.

"ಹೋಗುವಾಗ ಮೇಲೆ ಬೀಳುತ್ತೆ ರೀ. ಬರುವಾಗ ಸುಮ್ನಿರುತ್ತೆ. ಅದೇ ನನಗೆ ಅರ್ಥ ಆಗ್ತಿಲ್ಲ" ಎಂದಿದ್ದಳು.

"ನೀನು ಹೆದರ್ತೀಯ, ಅದಕ್ಕೇ ಮೇಲೆ ಬರುತ್ತೆ. ನನ್ನನ್ನ ನೋಡು, ನೆಟ್ಟಗೆ ನಡೀತೀನಿ" ಎಂದು ಉಪದೇಶ ಮಾಡಿದ್ದೆ. ಆ ದಿನ ಸಾರಿಗೆ ಉಪ್ಪಿರಲಿಲ್ಲ.

ಗೃಹಪ್ರವೇಶಕ್ಕೆ ಕರೆ ಬಂದಾಗ ಗಿರಿಜ ಖಡಾಖಂಡಿತವಾಗಿ ಹೇಳಿದಳು: "ನಾನು ಆ ಮನೆ ಹೊಸಿಲು ತುಳಿಯಲ್ಲ. ನೀವು ಹೋಗಿ. ಊಟ ಮಾಡಿ, ಬೇಡ ಅನ್ನಲ್ಲ. ಆದ್ರೆ ನಾಯಿ ಕಟ್ಟಾಕಿ ಅಂತ ಒಂದು ಮಾತು ಹೇಳಿಯೇ ಬರಬೇಕು. ತಾಲ್ಲೂಕಿನವರ ಕಷ್ಟವೆಲ್ಲ ಬರೀತೀರಿ, ಹೆಂಡತಿದು ಬಾಯಲ್ಲಿ ಹೇಳಕ್ಕಾಗಲ್ವಾ?"

ಹೇಳಬೇಕೆಂದೇ ಹೋದೆ. ಪಂಕ್ತಿಯಲ್ಲಿ ನಂಜುಂಡಪ್ಪನವರು ತಾವೇ ಬಂದು ನನ್ನ ಹೋಳಿಗೆಯ ಮೇಲೆ ಕಾಯಿಹಾಲು ಸುರಿದರು. ಸರಿಯಾದ ಸಮಯ ಅದೇ. ಬಾಯಿ ತೆರೆದೆ. "ಇನ್ನೊಂದು ಹಾಕಿಸ್ಕಳಿ, ನಾಚ್ಕೋಬ್ಯಾಡಿ" ಎಂದು ಅವರೇ ಇನ್ನೊಂದು ಹೋಳಿಗೆ ಹಾಕಿಸಿದರು. ಕಾಯಿಹಾಲು ಬಡಿಸುತ್ತಿರುವ ಮನುಷ್ಯನ ಮುಂದೆ ಅವರ ನಾಯಿಯ ಮೇಲೆ ದೂರು ಹೇಳುವುದಕ್ಕೆ ಎಂಥ ಗುಂಡಿಗೆ ಬೇಕೋ ಅಂಥದ್ದು ನನಗಿಲ್ಲ. ಕೈ ತೊಳೆದ ಮೇಲೆ ಹೇಳೋಣ ಎಂದುಕೊಂಡೆ. ಕೈ ತೊಳೆದ ಕೂಡಲೇ ಒಂದು ಕೈಗೆ ತಾಂಬೂಲದ ಚೀಲ, ಇನ್ನೊಂದಕ್ಕೆ ಬಾಳೆಹಣ್ಣು ಕೊಟ್ಟರು. ನಮ್ಮ ಕಡೆ ತಾಂಬೂಲವೆಂದರೆ ಎಲೆ, ಅಡಿಕೆ, ಜೊತೆಗೆ ಒಂದು ತೆಂಗಿನಕಾಯಿ. ಅದೂ ನಂಜುಂಡಪ್ಪನವರ ತೋಟದ್ದು, ಚೀಲ ಜಗ್ಗುವಂಥದ್ದು. ಗೇಟಿನ ಹತ್ತಿರ ಹೇಳೋಣ ಎಂದುಕೊಂಡು ಹೊರಟೆ.

ಗೇಟಿನ ಹತ್ತಿರ ಕಾಳ ನಿಂತಿತ್ತು. ಮನೆಯ ಶುಭಕಾರ್ಯವೆಂದು ಅದರ ಕೊರಳಿಗೂ ಸೇವಂತಿಗೆ ಹಾರ ಹಾಕಿದ್ದರು. ಹಣೆಗೆ ವಿಭೂತಿ ಇತ್ತು. ವಿಭೂತಿ ಹಚ್ಚಿಕೊಂಡವರು ಹೀಗೆ ಮಾಡಿಯಾರು ಎಂದು ಯಾರು ಊಹಿಸುತ್ತಾರೆ? ಚೀಲವನ್ನು ಒಮ್ಮೆ ಮೂಸಿತು. ಮುಂದಿನದನ್ನು ಕಣ್ಣಾರೆ ಕಂಡ ವರದಿಗಾರನಾಗಿ ಹೇಳುವುದಾದರೆ, ನನಗೆ ಏನೂ ಕಾಣಿಸಲಿಲ್ಲ. ಪಂಚೆ ಪರ್ ಎಂದಿತು. ಬೆನ್ನು ಕಾಂಪೌಂಡಿಗೆ ಬಡಿಯಿತು. ಯಾರೋ ಕಿರುಚಿದರು, ಆಮೇಲೆ ಅದು ನಾನೇ ಎಂದು ತಿಳಿಯಿತು. ಚಪ್ಪರದೊಳಗಿನಿಂದ ನಂಜುಂಡಪ್ಪನವರ ದನಿ ಬಂತು: "ಹೆದರ್ಕಬ್ಯಾಡಿ! ಏನೂ ಮಾಡಲ್ಲ ಕಣ್ರೀ!"

ಕಾಳ ನನ್ನ ಚೀಲವನ್ನು ಎಳೆದುಕೊಂಡು ಹೋಗಿ ಜಗಲಿಯ ಮೂಲೆಯಲ್ಲಿ ಇಟ್ಟಿತು. ತಿನ್ನಲಿಲ್ಲ, ಹರಿಯಲಿಲ್ಲ. ತಿರುಗಿ ಬಂದು, ನನ್ನತ್ತ ನೋಡದೆ, ನನ್ನ ಹಿಂದೆ ಬರುತ್ತಿದ್ದವರ ಚೀಲಕ್ಕೆ ಬಾಯಿ ಹಾಕಿತು. ಆಮೇಲೆ ಅವರ ಹಿಂದಿನವರದ್ದಕ್ಕೆ. ಊಟ ಮುಗಿಸಿ ಹೊರಟವರೆಲ್ಲ ಹಿಂದಕ್ಕೆ ನುಗ್ಗಿ ಚಪ್ಪರದೊಳಗೆ ಸೇರಿಕೊಂಡರು. ಜಗಲಿಯ ಮೂಲೆಯಲ್ಲಿ ತಾಂಬೂಲದ ಚೀಲಗಳ ಗುಡ್ಡೆ ಬೆಳೆಯುತ್ತಿತ್ತು. ಮಂತ್ರ ಹೇಳಿಸಿ ಹೊರಟಿದ್ದ ಅಯ್ನೋರು ಕಳಸದ ಕಾಯಿಯನ್ನು ಎದೆಗವಚಿಕೊಂಡು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ನಾನು ದಂಗಾಗಿ ಬಾಳೆಹಣ್ಣು ಹಿಡಿದು ನೋಡುತ್ತಿದ್ದೆ.

ಜಗಲಿಯ ಮೇಲೆ ಕೂತಿದ್ದ ನಂಜುಂಡಪ್ಪನವರ ತಾಯಿಗೆ ಮಾತ್ರ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. "ಅದು ತ್ವಾಟದ ನಾಯಿ ಕಣಪ್ಪ" ಎಂದರು. "ಮರದಿಂದ ಬಿದ್ದ ಕಾಯ ಹೊರಗಿನೋರು ಎತ್ಕಂಡೋದ್ರೆ ಬುಡಬ್ಯಾಡ ಅಂತ ಮರಿಯಿಂದ ಕಲ್ಸಿರಾದು. ಕಿತ್ಕಂಬಂದು ಗುಡ್ಡೆಗೆ ಹಾಕುತ್ತೆ. ಬರಿಗೈಯಾಗೆ ಹೋಗೋರ್ನ ಯಾಕೆ ಹಿಡಿತದೆ? ಒಡೆದ ಹೋಳು ಹಿಡ್ಕಂಡ್ರೂ ಮುಟ್ಟಕಿಲ್ಲ. ಇಡೀ ಕಾಯಿ ಇದ್ರೆ ಮಾತ್ರ ಬುಡಕಿಲ್ಲ."

ನನಗೆ ನಾಯಿ ಹಿಡಿದದ್ದಕ್ಕಿಂತ ದೊಡ್ಡ ಆಘಾತ ಆಗಾಯಿತು. ಗುಡಿಗೆ ಹೋಗುವಾಗ ಗಿರಿಜಳ ಬುಟ್ಟಿಯಲ್ಲಿ ಇಡೀ ಕಾಯಿ. ಬರುವಾಗ ಎರಡು ಹೋಳು. ಕಾಳ ನನ್ನನ್ನು ಸುಮ್ಮನೆ ಬಿಡುತ್ತಿದ್ದದ್ದು ನಾನು ನೆಟ್ಟಗೆ ನಡೆಯುತ್ತಿದ್ದೆನೆಂದಲ್ಲ. ನನ್ನ ಕೈಯಲ್ಲಿ ಪೆನ್ನು ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ನಂಜುಂಡಪ್ಪನವರಿಗೆ ನಾಚಿಕೆಯಾಗುತ್ತದೆ ಎಂದುಕೊಂಡೆ. ಅವರ ಮುಖ ಅರಳಿತ್ತು. "ನೋಡಿದ್ರಾ ರಿಪೋರ್ಟರ್ರೇ! ಒಂದು ಕಾಯಿ ಹೊರಗೆ ಹೋಗಕ್ಕೆ ಬುಡ್ಲಿಲ್ಲ! ಇದುನ್ನ ಬರೀರಿ ಪೇಪರ್ನಾಗೆ!"

ಆಗ ಚಪ್ಪರದೊಳಗಿಂದ ದಬ್ಬೇಘಟ್ಟದವರೊಬ್ಬರು ಮುಂದೆ ಬಂದರು. ನಂಜುಂಡಪ್ಪನವರ ಮಗನಿಗೆ ಗೊತ್ತುಮಾಡಿದ್ದ ಹುಡುಗಿಯ ಸೋದರತ್ತೆ, ಗಟ್ಟಿ ಹೆಂಗಸು. ಸೀರೆಯ ಸೆರಗು ಹರಿದಿತ್ತು. ಕೈ ಖಾಲಿ ಇತ್ತು.

"ಏನ್ರೀ ಬೀಗ್ರೇ" ಎಂದರು, ಬೀದಿಗೆಲ್ಲ ಕೇಳುವ ಹಾಗೆ. "ಕೈಗೆ ಕಾಯಿ ಕೊಟ್ಟು, ನಾಯಿ ಕೈಲಿ ಕಿತ್ಕಳೋ ಮನೆಗೆ ನಮ್ಮ ಹುಡುಗಿ ಕೊಡಾದಾ? ನಾಳೆ ಅವ್ಳು ತವರಿಗೆ ಒಂದು ಕಾಯಿ ತತ್ತಾಳೆ ಅಂತಿಟ್ಕಳಿ. ಬಸ್ ಸ್ಟ್ಯಾಂಡ್ ಗಂಟ ಬದುಕಿ ಬತ್ತಾಳಾ?"

"ಇಲ್ಲ ಅಕ್ಕಾರೇ, ಅದು ಏನೂ..." ಎಂದು ನಂಜುಂಡಪ್ಪನವರು ಶುರು ಮಾಡಿದರು. ಹರಿದ ಸೆರಗನ್ನು ಅವರ ಕಣ್ಣಿನ ಮುಂದೆ ಹಿಡಿದರು ಆಯಮ್ಮ. ನನಗೆ ತಿಳಿದಂತೆ ಆ ವಾಕ್ಯ ಅರ್ಧಕ್ಕೆ ನಿಂತದ್ದು ಅದೇ ಮೊದಲು. "ಲೇ ಮಂಜ, ಸರಪಣಿ ತಕಂಬಾರ್ಲಾ!" ಎಂದು ನಂಜುಂಡಪ್ಪನವರು ಮಗನನ್ನು ಕೂಗಿದರು. ಒಂದು ವರ್ಷದಿಂದ ನಾನು ಹೇಳಬೇಕೆಂದಿದ್ದ ಮಾತು ಒಂದು ಉಸಿರಿನಲ್ಲಿ ಮುಗಿದುಹೋಯಿತು.

ಮನೆಗೆ ಬಂದೆ. ಗಿರಿಜ ಬಾಗಿಲಲ್ಲೇ ಇದ್ದಳು. ಪಂಚೆ ನೋಡಿದಳು, ಬಾಳೆಹಣ್ಣು ನೋಡಿದಳು. "ಹೇಳಿದ್ರಾ?" ಎಂದಳು.

"ಕಟ್ಟಾಕಿದ್ರು."

"ನೀವು ಹೇಳಿದ್ರಾ ಅಂದೆ."

ಗಾಯಕ್ಕೆ ಸೋಪು ಹಚ್ಚಿ ನಲ್ಲಿಯ ಕೆಳಗೆ ಹಿಡಿದಾಗ ನೀರಿನ ಸದ್ದು ಜೋರಾಗಿತ್ತು, ಉತ್ತರ ಕೊಡುವ ಅಗತ್ಯ ಬರಲಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮುಂಚೆ ನರ್ಸಮ್ಮ ಕೇಳಿದರು: "ಬೀದಿ ನಾಯಿನಾ, ಸಾಕಿದ್ದಾ?" ಸಾಕಿದ್ದು, ವಿಭೂತಿ ಹಚ್ಚಿತ್ತು ಎಂದೆ. ಅವರು ನನ್ನ ಮುಖ ನೋಡಿ, ಜ್ವರ ಇದೆಯೇ ಎಂದು ಕೈ ಮುಟ್ಟಿ ನೋಡಿದರು. ಸಂಜೆ ಪತ್ರಿಕೆಯ ಕಚೇರಿಗೆ ಫೋನ್ ಮಾಡಿ ಸುದ್ದಿ ಇದೆ ಎಂದೆ. ಯಾರಿಗೆ ಏನಾಯಿತು ಎಂದು ಕೇಳಿದರು. ನನಗೇ, ಪಂಚೆ ಹರಿಯಿತು ಎಂದೆ. "ಜಾಗ ಇಲ್ಲ ಸಾರ್" ಎಂದರು.

ಈ ಸೋಮವಾರ ಬೆಳಿಗ್ಗೆ ಗಿರಿಜ ಹಣ್ಣುಕಾಯಿ ಬುಟ್ಟಿ ಹಿಡಿದು ಅದೇ ಬೀದಿಯಲ್ಲಿ ಗುಡಿಗೆ ಹೋದಳು. ಕಾಳ ಸರಪಣಿಯಲ್ಲಿತ್ತು, ಗೇಟಿನೊಳಗಿನಿಂದಲೇ ಬೊಗಳಿತು. ಅವಳು ನಿಲ್ಲಲಿಲ್ಲ. ನಾನೂ ಜೊತೆಗೆ ಹೋಗಿದ್ದೆ. ಕಾಯಿ ಅವಳ ಕೈಯಲ್ಲಿತ್ತು. ನಾನು ರಸ್ತೆಯ ಆ ಬದಿಯಲ್ಲಿ, ಬರಿಗೈಯಲ್ಲಿ ನಡೆದೆ.