ಮೊಮ್ಮಗಳಿಗೆ ಬಂದ ಕುಂಟು

ಸಂತೋಷ ಹೆಚ್ಚಾದರೆ ಕೆಲವರು ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ, ಕೆಲವರು ಕೇರಿಗೆಲ್ಲ ಸಿಹಿ ಹಂಚುತ್ತಾರೆ. ನಾನು ಎರಡನ್ನೂ ಮಾಡಿದೆ, ಆದರೂ ಮಿಕ್ಕಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಎಲ್ಲಾದರೂ ಜಾರಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಬಲಗಡೆ ಸೊಂಟದ ಕೀಲು ನನ್ನದಲ್ಲ. ಮೊದಲು ಹಾಕಿಸಿಕೊಂಡದ್ದು ಕೆಲವು ವರ್ಷ ಚೆನ್ನಾಗಿಯೇ ನಡೆದು, ಆಮೇಲೆ ಸಡಿಲವಾಯಿತು. ಹೆಜ್ಜೆ ಇಟ್ಟರೆ ತೊಡೆಯೊಳಗೆ ಯಾರೋ ಉಳಿ ಹೊಡೆದ ಹಾಗೆ. ಕಳೆದ ವರ್ಷ ಶಿವಮೊಗ್ಗದಲ್ಲಿ ಅದನ್ನು ತೆಗೆದು ಹೊಸದು ಕೂರಿಸಿದರು. ನಮ್ಮ ಯಜಮಾನರು ಭದ್ರಾವತಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನೋಡಲು ಬಂದವರಿಗೆಲ್ಲ, "ಏನಿಲ್ಲ ಮಾರಾಯ್ರೆ, ಬೇರಿಂಗ್ ಚೇಂಜು. ಬಾಡಿ ಹಳೇದೇ" ಎನ್ನುತ್ತಿದ್ದರು. ಎರಡನೇ ಸಲದ್ದು ಮೊದಲಿನಷ್ಟು ಸುಲಭವಲ್ಲ. ನೆಲಕ್ಕೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಮಲಗಿದರೆ ಕಾಲುಗಳ ನಡುವೆ ದಿಂಬು. ಆದರೆ ನೋವು ಹೋಯಿತು ನೋಡಿ, ಪೂರ್ತಿ ಹೋಯಿತು!

ಭದ್ರಾವತಿ ನ್ಯೂ ಟೌನಿನ ನಮ್ಮ ಮನೆಯ ಹಾಲ್‌ನಲ್ಲಿ ನಾನು ವಾಕರ್ ಹಿಡಿದು ನಡೆಯುತ್ತಿದ್ದಾಗಲೇ ಮೊಮ್ಮಗಳು ತನ್ವಿ ಗೋಡೆ ಹಿಡಿದು ನಡೆಯಲು ಶುರುಮಾಡಿದಳು. ಇಬ್ಬರದೂ ಒಂದೇ ಕ್ಲಾಸು. ತಡವರಿಸಿದರೆ ಅವಳಿಗೆ ಮುದ್ದು, ನನಗೆ ಬೈಗುಳ. ನಾನು ವಾಕರ್ ಬಿಟ್ಟೆ, ಅವಳು ಗೋಡೆ ಬಿಟ್ಟಳು. ಒಂದು ಬೆಳಿಗ್ಗೆ ಸೊಸೆ ರೇಖಾ ಕೂಗಿದಳು: "ಅತ್ತೆ, ಪಾಪು ಬಲಗಾಲು ಎಳೀತಿದೆ ನೋಡಿ!"

ನೋಡಿದೆ. ಎಡಗಾಲು ಟಪ್, ಬಲಗಾಲು ಸರ್ರ್. ಕೊಡಲು ಆಸ್ತಿಯಿಲ್ಲದ ಅಜ್ಜಿ ಸೊಂಟವನ್ನೇ ಕೊಟ್ಟುಬಿಟ್ಟಳೇ? ಪಕ್ಕದ ಮನೆಯ ಸೆಲ್ವಿ ಬಂದು, "ರಕ್ತದಲ್ಲೇ ಬಂದಿರ್ಬೇಕು ಅಕ್ಕಾ" ಎಂದು ಇದ್ದ ಧೈರ್ಯವನ್ನೂ ಒಯ್ದಳು. ದೇವರ ಮುಂದೆ ನಿಂತು, ಬೇಕಾದರೆ ಮೂರನೇ ಸಲ ಆಪರೇಷನ್ನಿಗೆ ನಾನೇ ಮಲಗುತ್ತೇನಪ್ಪಾ, ಮಗುವಿನ ಕಾಲಿನ ತಂಟೆಗೆ ಹೋಗಬೇಡ ಎಂದೆ.

ಶಿವಮೊಗ್ಗಕ್ಕೆ, ನನ್ನ ಡಾಕ್ಟರ ಹತ್ತಿರವೇ ಹೋದೆವು. ಅವರು ತನ್ವಿಯ ಕಾಲನ್ನು ಮಡಿಸಿ, ತಿರುಗಿಸಿ ನೋಡಿದರು. ನನ್ನನ್ನು ಪರದೆಯ ಹಿಂದೆ ನಿಲ್ಲಿಸಿ, ಸ್ಟೆತಸ್ಕೋಪ್ ಅಲ್ಲಾಡಿಸುತ್ತಾ ಅವಳನ್ನು ಕರೆದರು. ಸಂದಿಯಿಂದ ಇಣುಕಿದೆ. ಮಗು ಬಾಣದ ಹಾಗೆ ನೆಟ್ಟಗೆ ಓಡಿತು!

"ಈಗ ನೀವು ಬನ್ನಿ ಅಜ್ಜಿ."

ನಾನು ಹೊರಟೆ. ತನ್ವಿ ಓಡಿಬಂದು ನನ್ನ ಹಿಂದೆ ನಿಂತವಳೇ ಟಪ್, ಸರ್ರ್ ಶುರುಮಾಡಿದಳು. ಯಜಮಾನರು, "ಎರಡು ಬೋಗಿ ರೈಲು" ಎಂದರು. ಡಾಕ್ಟರು ಕಣ್ಣೊರೆಸಿಕೊಂಡು ನಕ್ಕರು.

"ಮಗೂಗೆ ಏನೂ ಆಗಿಲ್ಲ. ನಡೆಯೋದಂದ್ರೆ ಹೀಗೇ ಅಂದ್ಕೊಂಡಿದೆ ಅಷ್ಟೆ. ನಿಮಗೆ ನೋವಿದ್ಯಾ?"

"ಇಲ್ಲಪ್ಪ."

"ಮತ್ಯಾಕೆ ಕುಂಟ್ತೀರಿ?"

ಯೋಚಿಸಿದೆ. ಹೌದಲ್ಲ, ಯಾಕೆ? ನೋವು ಮನೆ ಖಾಲಿ ಮಾಡಿ ಹೋಗಿತ್ತು. ಕುಂಟು ಮಾತ್ರ ಜಗಲಿ ಬಿಟ್ಟು ಎದ್ದಿರಲಿಲ್ಲ. ಎಕ್ಸ್‌ರೇಯಲ್ಲಿ ನನ್ನ ಕೀಲೂ ಗಟ್ಟಿಯಾಗಿಯೇ ಇತ್ತು. ತೊಡೆಗೆ ಬಲ ಬರಲಿ ಎಂದು ಅವರು ಮೊದಲೇ ಹೇಳಿದ್ದ ವ್ಯಾಯಾಮವನ್ನು ಈಗ ತಪ್ಪದೆ ಮಾಡುತ್ತೇನೆ, ಮಗು ನೋಡುತ್ತಿದೆಯಲ್ಲ.

ಈಗ ಇಬ್ಬರೂ ನೆಟ್ಟಗೆ ನಡೆಯುತ್ತೇವೆ. ನಾಲ್ಕು ಜನ ನೋಡಲಿ ಎಂದೇ ಸಂಜೆ ಪಾರ್ಕಿಗೆ ಹೋಗುತ್ತೇವೆ. ನಿನ್ನೆ ಅಲ್ಲಿ ಕಲ್ಲುಬೆಂಚಿನ ಮೇಲೆ ಕೂರುವಾಗ ತನ್ವಿ ಎರಡೂ ಕೈಯನ್ನು ಮಂಡಿಗೆ ಊರಿ, ಉಸಿರು ಬಿಟ್ಟು, "ಅಯ್ಯೋ ಶಿವನೇ" ಎಂದಳು. ಡಾಕ್ಟರ ಹತ್ತಿರ ಓಡಲಿಲ್ಲ. ಈ ಸಲ ರೋಗ ಯಾರದೆಂದು ನನಗೇ ಗೊತ್ತಿತ್ತು.