ಅತ್ತೆಗೆ ಕೊಟ್ಟ ಒಸಾಕಾ ಉಡುಗೊರೆ

ಒಂದೇ ದಿನದಲ್ಲಿ ಒಸಾಕಾ ನಗರವನ್ನೂ ತೋರಿಸಿ, ಅತ್ತೆಯವರ ಮನಸ್ಸನ್ನೂ ಗೆದ್ದುಬಿಡುತ್ತೇನೆಂದು ನಾನು ಪಣ ತೊಟ್ಟೆ! ಕಾರಣವಿತ್ತು. ಮಗಳು ಕೊಹರು ಹುಟ್ಟಿ ಎಂಟು ತಿಂಗಳು. ಎಂಟು ತಿಂಗಳಿಂದಲೂ ದೂರದ ತೊತ್ತೋರಿ ಊರಿನ ಅತ್ತೆಯದು ಫೋನಿನಲ್ಲಿ ಒಂದೇ ರಾಗ.

"ಮಿಸಾತೊ, ಆ ಗದ್ದಲದ ಊರಲ್ಲಿ ಮಗು ಸಾಕೋದು ನಿನ್ನ ಕೈಲಾಗಲ್ಲ ಕಣಮ್ಮ. ನಿಂಗೋ ಮಾತೆತ್ತಿದ್ರೆ ಗಾಬರಿ. ಸುಮ್ನೆ ಇಲ್ಲಿಗೆ ಬಂದ್ಬಿಡು."

ಗಾಬರಿಯಂತೆ! ಮನೆಯಲ್ಲಿ ಮೂರು ಥರ್ಮಾಮೀಟರ್ ಇಟ್ಟುಕೊಂಡರೆ ಅದು ಗಾಬರಿಯೇ? ಒಂದು ಸುಳ್ಳು ಹೇಳಿದರೆ ಎರಡನೆಯದು, ಎರಡೂ ಜಗಳವಾಡಿದರೆ ತೀರ್ಪಿಗೆ ಮೂರನೆಯದು!

"ನೀವೇ ಬಂದು ಒಂದು ದಿನ ನೋಡಿ ಅತ್ತೆ," ಎಂದೆ.

"ನೋಡ್ತೀನಿ. ಸೈ ಅನ್ನಿಸಿದ್ರೆ ಆ ಮಾತು ಇನ್ನೆತ್ತಲ್ಲ."

ನಾನು ಬರೆದ ವೇಳಾಪಟ್ಟಿ ಕಂಡು ನನ್ನ ಗಂಡ ಕೆನ್ಸುಕೆ ಹೌಹಾರಿದ. "ಇದೇನೇ, 'ಹನ್ನೊಂದು ಹತ್ತಕ್ಕೆ ಅತ್ತೆ ನಗುವುದು' ಅಂತಿದೆ!"

"ಐದು ನಿಮಿಷ ಆಚೀಚೆ ಆಗ್ಬಹುದು ರೀ."

ಅತ್ತೆ ನಕ್ಕದ್ದು ಹನ್ನೊಂದು ಏಳಕ್ಕೆ! ತಕೊಯಾಕಿ ಅಂಗಡಿಯಲ್ಲಿ ಸುಡುಸುಡುವ ಆಕ್ಟೋಪಸ್ ಉಂಡೆಯನ್ನು ಬಾಯಿಗೆ ಹಾಕಿಕೊಂಡು ಕುಣಿಯುತ್ತಿದ್ದಾಗ ಅಂಗಡಿಯಾಕೆ, "ಅಜ್ಜೀ, ಊದ್ಕೊಂಡು ತಿನ್ನಿ!" ಎಂದಳು.

"ಯಾರೇ ಅಜ್ಜಿ? ನಂಗಿನ್ನೂ ಅರವತ್ತೆರಡು!"

"ಹಾಗಾದ್ರೆ ಅಕ್ಕಾ, ಇನ್ನೊಂದು ತಟ್ಟೆ ತಗೊಳ್ಳಿ. ಮೂವತ್ತು ವರ್ಷ ಇಳಿಸಿದ್ದೀನಲ್ಲ!"

ಮುಂದಿನದೂ ಸರಾಗ. ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ ಕೆಂಪು ಕಾಳಿನ ಹೂರಣದ ಸಿಹಿ ಎರಡು ಪೆಟ್ಟಿಗೆ ಕೊಂಡೆ. ಒಂದು ನಮಗೆ, ಇನ್ನೊಂದು ಅತ್ತೆಯ ಕೈಲಿ ಕಳಿಸಿ, ತೀರಿಕೊಂಡ ಮಾವನವರ ಫೋಟೋ ಮುಂದಿಡಲು. ಅವರಿಗೆ ಅದೆಂದರೆ ಪ್ರಾಣ. ನಮ್ಮ ಪಾಲಿನದನ್ನು ಕೋಟೆಯ ಹುಲ್ಲಿನ ಮೇಲೆ ಕುಳಿತು ಮುಗಿಸಿದೆವು. ಅತ್ತೆ ಕೋಟೆಯ ಫೋಟೋ ತೆಗೆಯಲು ಅತ್ತ ಹೋದರು. ಇತ್ತ ಕೊಹರು ತನ್ನ ಮಹತ್ಕಾರ್ಯ ಮುಗಿಸಿದಳು!

ಡೈಪರ್ ಬದಲಿಸಿದೆ. ಹಳೆಯದನ್ನು ಎಸೆಯಲು ನಮ್ಮ ಬೀದಿಗಳಲ್ಲಿ ಕಸದ ಬುಟ್ಟಿ ಎಲ್ಲಿದೆ? ಅವರವರ ಕಸ ಅವರವರ ಮನೆಗೇ. ಸಾಮಾನ್ಯ ತಾಯಂದಿರು ಯಾವುದೋ ಚೀಲಕ್ಕೆ ತುರುಕುತ್ತಾರೆ. ನಾನು ಸಾಮಾನ್ಯಳೇ? ವಾಸನೆ ಬಿಡದ ಚೀಲ ಎರಡು ಸುತ್ತು ಹಾಕಿ, ಖಾಲಿ ಪೆಟ್ಟಿಗೆಯೊಳಗಿಟ್ಟು, ಹಳೇ ಮಡಿಕೆಗಳ ಮೇಲೇ ಕಾಗದ ಮಡಚಿ, ರಿಬ್ಬನ್ ಕಟ್ಟಿ, ಅಂಗಡಿಯ ಚೀಲದಲ್ಲಿಟ್ಟು ಮಗುವಿನ ಗಾಡಿಗೆ ನೇತುಹಾಕಿದೆ. ಪಕ್ಕದಲ್ಲೇ ಮಾವನವರ ಚೀಲ. ಅವಳಿಜವಳಿ!

ಸ್ಟೇಷನ್ನಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. "ಸೋತೆ ಕಣೇ. ಮಗು ಒಂದ್ಸಲ ಅಳ್ಲಿಲ್ಲ, ಒಂದು ಚೂರು ಕಸ ಕಣ್ಣಿಗೆ ಬೀಳ್ಲಿಲ್ಲ. ಇನ್ನು ಆ ಮಾತು ಎತ್ತಲ್ಲ."

ನಾನು ಎರಡೂ ಕೈಯಿಂದ ಚೀಲ ನೀಡಿ, ನಡು ಬಗ್ಗಿಸಿ ವಂದಿಸಿದೆ.

"ಅಬ್ಬಾ, ಎಷ್ಟು ಭಾರ! ಕೊಟ್ಟವರ ಮುಂದೆ ಬಿಚ್ಚೋ ಮರ್ಯಾದೆಗೆಟ್ಟವಳಲ್ಲ ನಾನು. ಮೊದಲು ನಿಮ್ಮ ಮಾವನ ಮುಂದಿಟ್ಟು, ಆಮೇಲೇ ಬಾಯಿಗೆ."

ರೈಲು ಹೊರಟಿತು. ಮನೆವರೆಗೂ ನನ್ನ ಕಾಲು ನೆಲಕ್ಕೆ ತಾಗಲಿಲ್ಲ!

ನಾಳೆ ಬೆಳಿಗ್ಗೆ ಸುಡುವ ಕಸ ಒಯ್ಯುವ ದಿನ. ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಬೇಕಲ್ಲ ಎಂದು ಮನೆಗೆ ಬಂದೊಡನೆ ಗಾಡಿಯಲ್ಲಿ ಉಳಿದ ಪೆಟ್ಟಿಗೆ ಬಿಚ್ಚಿದೆ. ಹನ್ನೆರಡು ಸಿಹಿಗಳು ದುಂಡು ಮುಖ ಮಾಡಿಕೊಂಡು ನನ್ನನ್ನೇ ನೋಡಿದವು.

ಫೋನ್! ಆದರೆ ರೈಲಿನಲ್ಲಿ ಮಾತಾಡುವುದು ಅತ್ತೆಯ ದೃಷ್ಟಿಯಲ್ಲಿ ಕೊಲೆಗಿಂತ ಸ್ವಲ್ಪವೇ ಸಣ್ಣ ಅಪರಾಧ. ಹದಿನೇಳು ಸಲ ಮಾಡಿದರೂ ಎತ್ತಲಿಲ್ಲ.

"ವಾಸನೆಗೇ ಅಮ್ಮಂಗೆ ಗೊತ್ತಾಗುತ್ತೆ ಬಿಡೇ," ಎಂದ ಕೆನ್ಸುಕೆ.

"ಬರಲ್ಲ ರೀ! ನನ್ನ ಪ್ಯಾಕಿಂಗ್ ಹಾಗಿದೆ!" ಆ ಸಂಕಟದಲ್ಲೂ ಚೂರು ಹೆಮ್ಮೆ ಇಣುಕಿತು, ಕ್ಷಮಿಸಿ.

ಸಂಜೆ ಆರೂವರೆಗೆ ಅತ್ತೆಯೇ ಫೋನ್ ಮಾಡಿದರು. "ಈಗ ತಾನೆ ದೀಪ ಹಚ್ಚಿ, ಗಂಟೆ ಬಾರಿಸಿ, ಅವರ ಮುಂದಿಟ್ಟೆ ಕಣೇ. ಪಕ್ಕದ್ಮನೆ ಕಾತ್ಸುರಾಗಿಯವ್ರೂ 'ಎಂಥಾ ಸೊಸೆ!' ಅಂತ ಕೈಮುಗಿದು ಹೋದ್ರು. ತಾಳು, ಬಿಚ್ತಾ ಇದ್ದೀನಿ..."

"ಬೇಡಿ ಅತ್ತೇ!"

ಕಾಗದ ಸರಸರ ಎಂದಿತು. ಆಮೇಲೆ ಮುಚ್ಚಳ, ಆಮೇಲೆ ಚೀಲದ ಒಂದನೇ ಸುತ್ತು, ಎರಡನೇ ಸುತ್ತು. ನನ್ನ ಎಂಟು ತಿಂಗಳ ಮರ್ಯಾದೆ ಸುತ್ತು ಸುತ್ತಿಗೂ ಮಣ್ಣಾಗುತ್ತಿತ್ತು.

"ಅತ್ತೆ... ನಾನು ಊರಿಗೇ ಬಂದ್ಬಿಡ್ಬೇಕಾ?"

ಆ ಕಡೆಯಿಂದ ನಗು ಸಿಡಿಯಿತು! "ಯಾಕೆ ಬರ್ಬೇಕು? ಮೂರು ಮಕ್ಕಳ ಅಪ್ಪ ಆದ್ರೂ ಒಂದು ದಿನ ಡೈಪರ್ ಹತ್ರ ಸುಳಿದವರಲ್ಲ ನಿಮ್ಮ ಮಾವ. ನಾನು ಜೀವಮಾನವಿಡೀ ಬೈದ್ರೂ ಆಗದ್ದು! ನೀನು ಒಂದೇ ದಿನಕ್ಕೆ ಇದರ ಮುಂದೆ ಕೂರಿಸಿದ್ದೀಯಲ್ಲೇ! ನೀನು ಎಲ್ಲಿದ್ರೂ ಗೆಲ್ತೀಯ."

ಹೆಮ್ಮೆಯಿಂದ ನನ್ನ ಎದೆ ಮತ್ತೆ ಉಬ್ಬತೊಡಗಿತು.

"ಅಂದ ಹಾಗೆ ಮಿಸಾತೊ," ಎಂದರು ಅತ್ತೆ, "ಅವರವರ ಕಸ ಅವರವರ ಮನೆಗೇ ಅಲ್ವಾ? ನಾಳೆ ಬೆಳಿಗ್ಗೆ ಮೊದಲ ರೈಲಿಗೇ ಬರ್ತೀಯಾ, ತಗೊಂಡ್ಹೋಗೋಕೆ?"