ಹಣ್ಣು ಹುಳು ಹತ್ತಿದ ಜರ್ಮನಿ ಕಾರು

ರೇಷ್ಮೆ ಹುಳುಗಳು ತಾವಾಗಿ ಕಾರು ಹತ್ತಲಿಲ್ಲ, ನಾನೇ ಹತ್ತಿಸಿದೆ. ನಡೆದದ್ದು ಇಷ್ಟೇ. ಜಂಗಮಕೋಟೆಯಲ್ಲಿ ಇದಕ್ಕೆ ಒಬ್ಬೊಬ್ಬರು ಒಂದೊಂದು ಕತೆ ಕಟ್ಟಿದ್ದಾರೆ. ಗಂಡನ ಮೇಲಿನ ಸಿಟ್ಟಿಗೆ ಹಾಗೆ ಮಾಡಿದಳು ಅನ್ನೋರೇ ಹೆಚ್ಚು. ಸಿಟ್ಟು ಬಂದಾಗಲೆಲ್ಲ ಹುಳು ಎತ್ತಿ ಹಾಕೋಳಾಗಿದ್ದರೆ ಇಷ್ಟು ಹೊತ್ತಿಗೆ ನಮ್ಮ ಯಜಮಾನರ ಮೈಮೇಲೇ ಒಂದು ಬೆಳೆ ತೆಗೆದಿರುತ್ತಿದ್ದೆ. ಜಾಗ ಇರಲಿಲ್ಲ, ಹಾಕಿದೆ.

ಗಂಡಸರಿಗೆ ಒಂದು ವಯಸ್ಸು ಬರುತ್ತೆ. ಮಂಡಿ ಹಿಡಿಯುತ್ತೆ, ಹಲ್ಲು ಅಲ್ಲಾಡುತ್ತೆ. ಆಗ ತಮಗಿಂತ ಹಾಳಾಗಿರೋ ವಸ್ತು ಒಂದನ್ನು ಮನೆಗೆ ತಂದು, ಇದನ್ನ ಸರಿಮಾಡ್ತೀನಿ ಅಂತ ಕೂರ್ತಾರೆ. ಕೆಲವರು ಗಡಿಯಾರ ತರ್ತಾರೆ, ಕೆಲವರು ರೇಡಿಯೋ. ನಮ್ಮವರು ಕಾರು ತಂದರು. ಊರಿಗೆಲ್ಲ ಒಂದೇ ಕಲರ್ ಟೀವಿ ಇದ್ದ ಕಾಲ ಅದು. ನಂದಿ ಬೆಟ್ಟದ ಕೆಳಗೆ ಯಾರೋ ದೊಡ್ಡ ಮನುಷ್ಯರ ತೋಟದ ಬಂಗಲೆಯಲ್ಲಿ ನಿಂತಿತ್ತಂತೆ, ಅರವತ್ತರ ದಶಕದ ಜರ್ಮನಿ ಕಾರು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಇವರು ಸ್ಟೇರಿಂಗ್ ಹಿಡಿದು, ತಾವೇ ಓಡಿಸ್ತಾ ಇರೋರ ಥರ ಒಳಗೆ ಕೂತಿದ್ದರು. ಇಳಿದವರೇ, "ಸ್ವಲ್ಪ ಕೆಲಸ ಅಷ್ಟೇ ಕಣೇ, ಆಮೇಲೆ ನೋಡು" ಅಂದರು. ನಾನು ನೋಡಿದೆ. ಅಷ್ಟು ಉದ್ದದ ಕಾರಿಗೆ ಎರಡೇ ಬಾಗಿಲು. ಹಿಂದೆ ಕೂರೋರು ಮುಂದಿನ ಸೀಟು ಮಡಚಿ, ಮಂಕರಿಯೊಳಗೆ ಕೋಳಿ ನುಗ್ಗೋ ಹಾಗೆ ನುಗ್ಗಬೇಕು. "ಇದು ಇಬ್ಬರು ಆರಾಮಾಗಿ ಹೋಗೋದಕ್ಕೆ ಮಾಡಿರೋ ಕಾರು" ಅಂದರು. ನಾವಿಬ್ಬರು ಆರಾಮಾಗಿ ಎಲ್ಲಿಗೆ ಹೋಗಬೇಕಿತ್ತೋ ಹೇಳಲಿಲ್ಲ.

ಕಾರು ನಿಂತದ್ದು ತಗಡಿನ ಶೆಡ್ಡಿನಲ್ಲಿ. ಶೆಡ್ಡು ಹಾಕಿಸಿದ್ದು ರೇಷ್ಮೆ ಹುಳುವಿಗೆ. ಹುಳು ಮೇಯೋದು ಮನೆಯೊಳಗೆ. ಆದರೆ ಮೇವು ಬಿಟ್ಟು ಹಣ್ಣಾದ ಮೇಲೆ ಚಂದ್ರಂಕಿಗೆ, ಅಂದರೆ ಗೂಡು ಕಟ್ಟೋ ಬಿದಿರಿನ ತಡಿಕೆಗೆ, ಬಿಡಬೇಕು. ಆ ತಡಿಕೆಗಳನ್ನು ಗಾಳಿ ಆಡೋ ನೆರಳಲ್ಲಿ ಒರಗಿಸಬೇಕು. ಅದಕ್ಕೇ ಶೆಡ್ಡು. ಈಗ ಅದರ ತುಂಬಾ ಜರ್ಮನಿ ಮಲಗಿತ್ತು. ಶಿಡ್ಲಘಟ್ಟದಿಂದ ಮೆಕ್ಯಾನಿಕ್ ಬಾಷಾಸಾಬ್ರು ಬರೋರು. ಬಾನೆಟ್ ಎತ್ತೋರು, ಒಳಗೆ ಇಣುಕೋರು, ಟೀ ಕುಡಿಯೋರು. "ಥೋಡಾ ಕಾಮ್ ಹೈ ಅಮ್ಮಾ, ಆಗೋಗುತ್ತೆ" ಅಂತ ಹೇಳಿ, ಏನಾದರೂ ಒಂದು ಬಿಚ್ಚಿಕೊಂಡು ಹೋಗೋರು. ಹಾಗೆ ಚಕ್ರಗಳೂ ಹೋದವು. ಕಾರು ಸೈಜುಗಲ್ಲಿನ ಮೇಲೆ ಕೂತಿತು. ನೋಡೋಕೆ ಚಿಂತಾಮಣಿಯಿಂದ ನೆಂಟರು ಬಂದರು. ಮಗಳ ಬಾಣಂತನಕ್ಕೆ ಬಾರದವರು ಕಾರು ನೋಡೋಕೆ ಬಂದರು. ಬಂದವರಿಗೆಲ್ಲ ಯಜಮಾನರು ಸೀಟಿನ ಚರ್ಮ ಮುಟ್ಟಿಸೋರು. "ಒರಿಜಿನಲ್ಲು" ಅನ್ನೋರು.

ಆ ಬೆಳೆ ಚೆನ್ನಾಗಿ ಬಂದಿತ್ತು. ನಾಲ್ಕನೇ ಜ್ವರ ಬಿಟ್ಟು, ಅಂದರೆ ಕೊನೇ ಸಲ ಪೊರೆ ಕಳಚಿ, ಎದ್ದ ಹುಳು ಸೊಪ್ಪು ತಿನ್ನೋ ಸದ್ದು ಮಳೆ ಬಿದ್ದ ಹಾಗೆ ಕೇಳಿಸೋದು. ಹೇಳಿದೆ, "ನೋಡಿ, ನಿಮ್ಮ ಕಾರು ತೆಗೆಸಿ, ಹುಳು ಹಣ್ಣಾಗ್ತವೆ." "ಚಕ್ರ ಬರಲಿ ತಾಳೇ" ಅಂದರು. ಹಣ್ಣಾದ ಹುಳು ಯಾರ ಚಕ್ರಕ್ಕೂ ತಾಳಲ್ಲ. ಮೈ ಹಳದಿಗೆ ತಿರುಗಿ ತಲೆ ಎತ್ತಿತು ಅಂದರೆ ಆವತ್ತೇ ಬಿಡಬೇಕು, ಇಲ್ಲದಿದ್ದರೆ ಕಸದಲ್ಲೇ ನೂಲು ಸುರಿದುಕೊಂಡು ಬೆಳೆಯೆಲ್ಲ ಹಾಳು. ಅವು ತಲೆ ಎತ್ತಿದ ದಿನವೇ ಜಡಿಮಳೆ ಹಿಡಿಯಿತು. ಯಜಮಾನರು ಚಕ್ರ ತರ್ತೀನಿ ಅಂತ ಶಿಡ್ಲಘಟ್ಟಕ್ಕೆ ಹೋಗಿದ್ದರು. ಜಗಲಿ ತುಂಬಿತು, ನಡುಮನೆ ತುಂಬಿತು, ಅಡುಗೆಮನೆ ಬಾಗಿಲಿಗೂ ಚಂದ್ರಂಕಿ ಒರಗಿಸಿದ್ದಾಯಿತು. ಇನ್ನೂ ತಟ್ಟೆಗಟ್ಟಲೆ ಹುಳು ಉಳಿದಿತ್ತು. ನಾನು ಕಾರಿನ ಬಾಗಿಲು ತೆಗೆದು, ಒಣಗಿದ ತೊಗರಿ ಕಡ್ಡಿ ಹೊರೆ ಹೊರೆ ತುಂಬಿ, ಮೇಲೆ ಹುಳು ಹರಡಿದೆ. ಹುಳು ಆರಿಸೋಕೆ ಬಂದಿದ್ದ ಪಕ್ಕದ ಮನೆ ನರಸಮ್ಮ ಕೆನ್ನೆಗೆ ಕೈ ಇಟ್ಟುಕೊಂಡಳು. "ಅಕ್ಕಾ, ಅಣ್ಣ ಏಮಂಟಾರೋ?" ಅಂದಳು. ಅಣ್ಣ ಏನಂತಾರೋ ಅಂತ ಅವಳ ಭಯ. "ಏನಾದರೂ ಅನ್ನಲಿ. ಹಿಂದಿನ ಸೀಟಿಗೂ ಹಾಕು" ಅಂದೆ.

ಸಂಜೆ ಬಂದವರು ಕಾರಿನ ಗಾಜಿಗೆ ಮುಖ ಕೊಟ್ಟು ನಿಂತರು. ಬೈಯೋಕೆ ಅಂತ ಬಾಯಿ ತೆಗೆದದ್ದು ಕಂಡೆ. ಅಷ್ಟರಲ್ಲಿ ಸ್ಟೇರಿಂಗ್ ಮೇಲೆ ಒಂದು ಹುಳು ನೂಲು ಎಳೆಯೋದು ಕಾಣಿಸಿತೇನೋ, ಬಾಯಿ ಮುಚ್ಚಿಕೊಂಡರು. ಎಷ್ಟಾದರೂ ಹುಳು ಸಾಕಿದ ಮನೆಯಲ್ಲಿ ಹುಟ್ಟಿದವರು. ಗೂಡು ಕಟ್ಟೋ ಹುಳುವನ್ನ ಅಲ್ಲಾಡಿಸಬಾರದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಗೂಡು ಬಲಿಯೋ ಮುಂಚೆಯೇ, ಅವರೇ ಕರೆಸಿದ್ದ ಬೆಂಗಳೂರಿನ ಸಾಹೇಬರು ಬಂದುಬಿಟ್ಟರು. ಹಳೇ ಕಾರು ಕೂಡಿಡೋ ಮನುಷ್ಯ. ಅವರು ನೋಡಿ ಭೇಷ್ ಅಂದರೆ ಸಾಕು ಅಂತ ಇವರು ಎಷ್ಟು ದಿನದಿಂದ ಕಾದಿದ್ದರೋ. ಬಂದವರು ಬಾಗಿಲಿಗೆ ಕೈ ಹಾಕಿದರು. ಇವರು ಅಡ್ಡ ನಿಂತರು.

"ಬೇಡಿ ಸಾರ್, ತೆಗೆಯಂಗಿಲ್ಲ. ಒಳಗೆ ಗೂಡು ಕಟ್ತಾ ಇದಾರೆ."

"ಯಾರು?" ಅಂದರು ಸಾಹೇಬರು.

ಹುಳುವಿಗೆ ಅಷ್ಟು ಮರ್ಯಾದೆ ಕೊಟ್ಟದ್ದನ್ನ ನಾನು ಅದೇ ಮೊದಲು ಕೇಳಿದ್ದು. ಸಾಹೇಬರು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ಆಮೇಲೆ ನಮ್ಮ ಮನೆಯಲ್ಲಿ ನೀರು ಸಹ ಕುಡಿಯದೆ ಹೊರಟುಹೋದರು. ಯಜಮಾನರು ಜಗಲಿಯ ತುದಿಯಲ್ಲಿ ಕೂತು ರಸ್ತೆ ನೋಡ್ತಾ ಇದ್ದರು. ನಾನು ಸಮಾಧಾನ ಹೇಳಲಿಲ್ಲ, ಮುದ್ದೆ ಬಡಿಸಿದೆ.

ಗೂಡು ಬಿಡಿಸಿದ ದಿನ ನೋಡಿದರೆ ಕಾರಿನಲ್ಲಿ ಎರಡು ಥರ. ಗಾಜು ಇಳಿದಿದ್ದ ಕಡೆಯ ಗೂಡು ಗಟ್ಟಿಯಾಗಿ, ಬೆರಳಲ್ಲಿ ಒತ್ತಿದರೆ ಬಗ್ಗದ ಹಾಗಿದ್ದವು. ಗಾಜು ಜಾಮ್ ಆಗಿದ್ದ ಕಡೆ ಗಾಳಿಯಾಡದೆ ಮೆತ್ತಗೆ, ಕಲೆ ಕಲೆ. ಕಾರನ್ನ ಯಾರಾದರೂ ಎಳೆದುಕೊಂಡು ಹೋಗಲಿ ಅಂತ ಅಷ್ಟು ದಿನ ಬೈದಿದ್ದ ನಾನು ಆ ರಾತ್ರಿಯೆಲ್ಲ ಆ ಗಾಜಿನ ಯೋಚನೆಯಲ್ಲೇ ಇದ್ದೆ.

ಮಾರನೇ ಬೆಳಿಗ್ಗೆ ಬಾಷಾಸಾಬ್ರಿಗೆ ನಾನೇ ಹೇಳಿ ಕಳಿಸಿದೆ, ನಾನೇ ಟೀ ಕೊಟ್ಟೆ, ಆ ಕಡೆ ಗಾಜು ಪೂರ್ತಿ ಇಳಿಯೋ ಹಾಗೆ ಮಾಡಿಕೊಡಿ ಅಂದೆ. ಯಜಮಾನರು ಪೇಪರು ಕೆಳಗಿಳಿಸಿ ನೋಡಿದರು. "ಏನೇ ಇದು, ಕಾರು ರಿಪೇರಿನಾ?" ಅಂದರು.

"ಸ್ವಲ್ಪ ಕೆಲಸ ಅಷ್ಟೇ" ಅಂದೆ.